15 ದಿನದ ಅಪ್ಪನ ರಜೆ: ಎರಡು ಕೂಸಿಗೂ ಬಳಸಿದವನ ರಿವ್ಯೂ

ಬೆಣ್ಣೆದೋಸೆ ಹೋಟ್ಲಿಗೆ, ಮಿಕ್ಸಿಗೆ, ಗೀಸರ್ ರಿಪೇರಿ ಮಾಡೋನಿಗೆ ಎಲ್ಲದಕ್ಕೂ ಸ್ಟಾರ್ ಕೊಡ್ತೀವಿ, ಪಿತೃತ್ವ ರಜೆಗೆ ಮಾತ್ರ ಯಾರೂ ರಿವ್ಯೂ ಬರೆದಿದ್ದು ನಾನು ನೋಡಿಲ್ಲ. ಅದೂ ಒಂದು ಸರ್ವೀಸೇ ಅಲ್ವಾ, ಅರ್ಜಿ ಹಾಕ್ಬೇಕು, ಸ್ಯಾಂಕ್ಷನ್ ಆಗೋವರೆಗೂ ಕಾಯ್ಬೇಕು, ಸಿಕ್ಕಿದ ಮೇಲೆ ಉಪಯೋಗ ಆಯ್ತಾ ಇಲ್ವಾ ನೋಡ್ಬೇಕು. ನಾನಿರೋದು ದಾವಣಗೆರೆ, ನಿಟ್ಟುವಳ್ಳಿ ಕಡೆ. ಕೇಂದ್ರ ಸರ್ಕಾರದ ಒಂದು ಇಲಾಖೆಲಿ ಕೆಲಸ, ಯಾವ ಇಲಾಖೆ ಅಂತ ಕೇಳ್ಬೇಡಿ, ಸೋಮವಾರ ಅದೇ ಆಫೀಸಿಗೆ ಹೋಗ್ಬೇಕು. ಎರಡು ಮಕ್ಕಳು, ಎರಡಕ್ಕೂ ಈ ರಜೆ ತಗೊಂಡಿದೀನಿ, ಮೂರನೇದಕ್ಕೆ ರೂಲ್ ಪ್ರಕಾರ ಸಿಗಲ್ಲ, ಮನೇಲೂ ಪರ್ಮಿಷನ್ ಇಲ್ಲ. ಹಂಗಾಗಿ ಇದೇ ಫೈನಲ್ ರಿವ್ಯೂ. ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ.

ಮೊದಲು ಪ್ಯಾಕೆಟ್ ಮೇಲೆ ಏನು ಬರೆದಿದೆ ನೋಡೋಣ. ಕೇಂದ್ರದ 1972ರ ರಜಾ ನಿಯಮದಲ್ಲಿ 43-ಎ ಅಂತ ಒಂದು ರೂಲ್ ಇದೆ. ಬದುಕಿರೋ ಮಕ್ಕಳು ಎರಡಕ್ಕಿಂತ ಕಡಿಮೆ ಇರೋ ಗಂಡಸು ನೌಕರನಿಗೆ 15 ದಿನ ರಜೆ, ಪೂರ್ತಿ ಸಂಬಳ, ನಮ್ಮ ಅರ್ನ್ಡ್ ಲೀವ್ (ಗಳಿಕೆ ರಜೆ) ಖಾತೆಯಿಂದ ಒಂದು ದಿನಾನೂ ಕಟ್ ಆಗಲ್ಲ. ಹೆರಿಗೆಗೆ 15 ದಿನ ಮುಂಚಿನಿಂದ ಹಿಡಿದು ಹೆರಿಗೆ ಆಗಿ 6 ತಿಂಗಳ ಒಳಗೆ ಯಾವಾಗ ಬೇಕಾದ್ರೂ ತಗೋಬಹುದು, ಆ 6 ತಿಂಗಳು ದಾಟಿತೋ ಲ್ಯಾಪ್ಸ್. ಕೊನೇಲಿ ಒಂದು ನೋಟ್ ಇದೆ, ಈ ರಜೆನ ಸಾಮಾನ್ಯವಾಗಿ ಯಾವ ಸಂದರ್ಭದಲ್ಲೂ ನಿರಾಕರಿಸಬಾರದು ಅಂತ, ಅದನ್ನ ಪ್ರಿಂಟ್ ತೆಗೆದು ಇಟ್ಕೊಂಡಿರಿ, ಕೆಲಸಕ್ಕೆ ಬರುತ್ತೆ. ನಮ್ಮ ರಾಜ್ಯ ಸರ್ಕಾರದ ನೌಕರರಿಗೂ 15 ದಿನಾನೇ. ದತ್ತು ತಗೊಂಡ ಅಪ್ಪಂದಿರಿಗೂ ಕೇಂದ್ರದಲ್ಲಿ ಇದೆ, ಮಗು ಒಂದು ವರ್ಷದ ಒಳಗಿರಬೇಕು. 2024ರಲ್ಲಿ ಬಾಡಿಗೆ ತಾಯ್ತನದಿಂದ ಮಗು ಪಡೆದವರನ್ನೂ ಸೇರಿಸಿದ್ರು.

ಕೇಳೋಕೆ ಚೆನ್ನಾಗೇ ಇದೆ. ಆದ್ರೆ ಈ ರೂಲ್ ಬರೆದವರ ತಲೆಲಿ ಇರೋ ಮನೆನೇ ಬೇರೆ, ನಮ್ಮ ಕಡೆ ಬಾಣಂತನ ನಡೆಯೋ ಮನೆನೇ ಬೇರೆ. ಇಷ್ಟೂ ರಿವ್ಯೂ ಇರೋದು ಇದರ ಮೇಲೇನೇ.

ಮೊದಲನೇ ಮಗಳದು ಚೊಚ್ಚಲ ಹೆರಿಗೆ, ಅಂದ ಮೇಲೆ ತವರಲ್ಲೇ. ನಮ್ಮ ಮಾವನ ಮನೆ ಚಿತ್ರದುರ್ಗ, ಇಲ್ಲಿಂದ 60 ಕಿಲೋಮೀಟರ್, ಹೈವೇಲಿ ಒಂದು ಗಂಟೆ ಚಿಲ್ಲರೆ ದಾರಿ. ಹೆರಿಗೆ ಆದ ದಿನದಿಂದಲೇ ರಜೆ ಹಾಕ್ದೆ, ಎಲ್ಲರೂ ಹಂಗೇ ಮಾಡೋದು. ಸಿಸೇರಿಯನ್ ಆಯ್ತು. ಆಸ್ಪತ್ರೆಲಿ ಇದ್ದಷ್ಟು ದಿನ ನಾನು ಇದ್ದಿದ್ದು ಸಾರ್ಥಕ, ಅದರಲ್ಲಿ ಎರಡು ಮಾತಿಲ್ಲ. ಹೆಂಡ್ತಿಗೆ ಮಗ್ಗಲು ತಿರುಗೋಕಾಗ್ತಿಲ್ಲ, ಕೂಸಿಗೆ ಮೂರನೇ ದಿನ ಮೈ ಹಳದಿಗೆ ತಿರುಗ್ತು, ಹಳದಿ ಎಷ್ಟಿದೆ ನೋಡೋಕೆ ಬಿಲಿರುಬಿನ್ ಟೆಸ್ಟ್ ಅಂತ ಹಿಮ್ಮಡಿ ಚುಚ್ಚಿ ರಕ್ತ ತಗೊಂಡ್ರು, ಆಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಲೈಟ್ ಕೆಳಗೆ ಮಲಗಿಸಿದ್ರು. ಹುಟ್ಟಿದ ಕೂಸುಗಳಲ್ಲಿ ಈ ಹಳದಿ ತುಂಬಾ ಮಾಮೂಲು, ಎರಡು ಮೂರನೇ ದಿನ ಶುರುವಾಗಿ ಐದರ ಹೊತ್ತಿಗೆ ಏರಿ ಹೆಚ್ಚಿನವಕ್ಕೆ ತಾನೇ ಇಳಿಯುತ್ತೆ, ಅದು ಗೊತ್ತಿದ್ರೂ ಕಾರಿಡಾರಲ್ಲಿ ನಿಂತಾಗ ಗೊತ್ತಿರೋದು ಯಾವುದೂ ನೆನಪಿಗೆ ಬರಲ್ಲ. ಹೆಂಡ್ತಿ ಇನ್ನೂ ಆಪರೇಷನ್ ಥಿಯೇಟರಿಂದ ವಾರ್ಡಿಗೆ ಬರೋದಕ್ಕೆ ಮುಂಚೆ ಒಬ್ರು ಸಿಸ್ಟರ್ ಬಂದು ಶರ್ಟ್ ಗುಂಡಿ ಬಿಚ್ಚಿ ಸಾರ್ ಅಂದ್ರು, ನಾನು ಬೆಚ್ಚಿಬಿದ್ದೆ, ನಮ್ಮತ್ತೆ ಆ ಕಡೆ ತಿರುಗಿ ನಿಂತ್ಕೊಂಡ್ರು, ಸಿಸ್ಟರ್ ಕೂಸನ್ನ ಬರೀ ಎದೆ ಮೇಲೆ ಬೋರಲು ಮಲಗಿಸಿ ಮೇಲೆ ದುಪ್ಪಟಿ ಹೊದಿಸಿ ಹೋದ್ರು. ಕಾಂಗರೂ ಆರೈಕೆ ಅಂತಾರಲ್ಲ ಅದು, 1970ರ ದಶಕದ ಕೊನೇಲಿ ಕೊಲಂಬಿಯಾದ ಬೊಗೊಟಾದ ಒಂದು ಆಸ್ಪತ್ರೆಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾಗಿದ್ದು, ತೂಕ ಕಡಿಮೆ ಇರೋ ಕೂಸುಗಳಿಗೆ ಅಂತ. ನಮ್ಮ ಕೂಸಿನ ತೂಕ ಸರಿಯಾಗೇ ಇತ್ತು, ಅಮ್ಮ ಬರೋವರೆಗೂ ಬೆಚ್ಚಗಿರಲಿ ಅಂತ ಅಪ್ಪನ ಎದೆಗೆ ಹಾಕಿದ್ರು ಅಷ್ಟೇ.

ಡಿಸ್ಚಾರ್ಜ್ ಆದ ಮೇಲೆ ಕಥೆ ಬದಲಾಯ್ತು. ಬಾಣಂತಿ ಕೋಣೆ ಅಂದ್ರೆ ಗೊತ್ತಲ್ಲ, ಕಿಟಕಿ ಮುಚ್ಚಿ, ಸಾಂಬ್ರಾಣಿ ಹೊಗೆ ಹಾಕಿ, ತಲೆಗೆ ಸ್ಕಾರ್ಫು ಕಿವಿಗೆ ಹತ್ತಿ. ನಾನು ಬಾಗಿಲ ಹತ್ರ ಹೋದ್ರೆ ಅತ್ತೆ, "ನೀವು ಹೊರಗೆ ಕುಂತ್ಕಳ್ರಿ, ಕೂಸು ಈಗ ಮಲಗೈತೆ." ಸ್ವಲ್ಪ ಹೊತ್ತು ಬಿಟ್ಟು ಹೋದ್ರೆ, "ಈಗ ಹಾಲು ಕುಡೀತೈತೆ." ಇನ್ನೂ ಸ್ವಲ್ಪ ಹೊತ್ತಿಗೆ, "ಈಗ ಎರೆಯಾಕೆ ಅಜ್ಜಿ ಬಂದೈತೆ, ನೀವೇನ್ ಮಾಡ್ತೀರಿ ಇಲ್ಲಿ." ನಡುಮನೇಲಿ ಟಿವಿ ಮುಂದೆ ಅಳಿಯ ದೇವ್ರು ಕೂತಿದೀನಿ, ಗಂಟೆಗೊಂದು ಕಾಫಿ ಬರುತ್ತೆ, ಬಾಣಂತಿಗೆ ಬೆಳ್ಳುಳ್ಳಿ ಮೆಣಸಿನ ಸಾರು ಬೇರೆ ಅಡುಗೆ, ಅಳಿಯನಿಗೆ ಹೋಳಿಗೆ ಬೇರೆ ಅಡುಗೆ. ಅಂದ್ರೆ ಮನೆ ಹೆಂಗಸರ ಕೆಲಸ ಹಗುರ ಮಾಡಲಿ ಅಂತ ಸರ್ಕಾರ ಕೊಟ್ಟ ರಜೆಲಿ ಅಡುಗೆಮನೆಗೆ ಇನ್ನೊಂದು ಎಲೆ ಜಾಸ್ತಿ ಆಯ್ತು. ಅತ್ತೆದು ತಪ್ಪಂತಲ್ಲ. ಅವರು ಎಷ್ಟು ಬಾಣಂತನ ಮಾಡಿದಾರೋ, ಯಾವ ಅಳಿಯನೂ ಕೂಸಿನ ಬಟ್ಟೆ ಒಗೀತೀನಿ ಅಂತ ಬಂದಿದ್ದನ್ನ ಅವರು ನೋಡಿಲ್ಲ.

ಕೂಸಿನ ಕಡೆಯಿಂದ ಲೆಕ್ಕ ಹಾಕಿ ನೋಡಿ. ಹುಟ್ಟಿದ ಕೂಸಿಗೆ ಕಣ್ಣು ಸರಿಯಾಗಿ ಕಾಣೋದು 20ರಿಂದ 30 ಸೆಂಟಿಮೀಟರ್ ಅಷ್ಟೇ, ತೊಡೆ ಮೇಲೆ ಮಲಗಿಸಿಕೊಂಡು ಬಗ್ಗಿದ್ರೆ ನಮ್ಮ ಮುಖ ಇರುತ್ತಲ್ಲ ಅಷ್ಟು ದೂರ. ಅಮ್ಮನ ದನಿ ಹೊಟ್ಟೆಲಿದ್ದಾಗಲೇ ಕೇಳಿ ಕೇಳಿ ಗುರುತಿರುತ್ತೆ, ಅಪ್ಪನ ದನಿಗೆ ಹುಟ್ಟಿದ ತಕ್ಷಣ ಅಂಥ ಒಲವೇನೂ ಇರಲ್ಲ, ಅದನ್ನ ಆಮೇಲೆ ಮಾತಾಡ್ತಾ ಮಾತಾಡ್ತಾ ಸಂಪಾದಿಸಬೇಕು. ಹೊಕ್ಕಳ ಬಳ್ಳಿ ಒಣಗಿ ಬೀಳೋಕೆ ಒಂದೆರಡು ವಾರ. ಮುಖ ನೋಡಿ ನಗೋದು, ನಿದ್ದೆಗಣ್ಣಲ್ಲಿ ನಗ್ತಾವಲ್ಲ ಅದಲ್ಲ, ನಿಜವಾಗ್ಲೂ ನಮ್ಮನ್ನ ನೋಡಿ ನಗೋದು, 6ರಿಂದ 8 ವಾರಕ್ಕೆ. ಅಳು ಜೋರಾಗಿ ತುತ್ತತುದಿ ಮುಟ್ಟೋದೂ ಸುಮಾರು 6ನೇ ವಾರಕ್ಕೇ. ಅಂದ್ರೆ ಹುಟ್ಟಿದ ದಿನದಿಂದ 15 ದಿನ ರಜೆ ಹಾಕಿದ ಅಪ್ಪ ಹೊಕ್ಕಳ ಬಳ್ಳಿ ಬಿದ್ದಿದ್ದು ನೋಡಿ ಬಸ್ ಹತ್ತುತಾನೆ, ನಗುನೂ ಅವನಿಗಿಲ್ಲ ಅಳುನೂ ಅವನಿಗಿಲ್ಲ. ನಮ್ಮ ಮಗಳ ನಗು ನಾನು ನೋಡಿದ್ದು ವಿಡಿಯೋ ಕಾಲಲ್ಲಿ, ಅದೂ ಅವಳು ನಕ್ಕಿದ್ದು ಫೋನ್ ಹಿಡ್ಕೊಂಡಿದ್ದ ಅವರಜ್ಜಿನ ನೋಡಿ.

ಎರಡನೇದು ಗಂಡು, ನಾಲ್ಕು ವರ್ಷ ಬಿಟ್ಟು. ಮಗಳನ್ನ ಎಲ್.ಕೆ.ಜಿ.ಗೆ ಹಾಕಿದ್ವಿ, ಅವಳನ್ನ ಸ್ಕೂಲ್ ಬಿಡಿಸಿ ತಿಂಗಳಾನುಗಟ್ಟಲೆ ಚಿತ್ರದುರ್ಗದಲ್ಲಿ ಇಡೋಕಾಗಲ್ಲ ಅಂತ ಹೆರಿಗೆ ಇಲ್ಲೇ ದಾವಣಗೆರೆಲಿ ಆಯ್ತು, ಅತ್ತೆನೇ ಇಲ್ಲಿಗೆ ಬಂದ್ರು. ಆಸ್ಪತ್ರೆ ದಿನಗಳಿಗೆ ನಾನು ಅರ್ನ್ಡ್ ಲೀವ್ ಹಾಕ್ದೆ. ಅಪ್ಪನ ರಜೆನ ಮುಟ್ಟಲಿಲ್ಲ. ಮೂರು ತಿಂಗಳು ಬಾಣಂತನ ಮುಗಿಸಿ ಅತ್ತೆ ಊರಿಗೆ ಹೊರಟ ದಿನ ಸಂಜೆ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದು ಮಾರನೇ ದಿನದಿಂದ 15 ದಿನ ಶುರು ಮಾಡ್ದೆ. ಆಫೀಸಲ್ಲಿ ಇದು ಯಾರಿಗೂ ಅರ್ಥ ಆಗಲಿಲ್ಲ. ಹೆರಿಗೆ ಯಾವಾಗಲೋ ಆಯ್ತಲ್ರೀ, ಈಗ್ಯಾಕೆ ರಜೆ, ಹೆತ್ತಿದ್ದು ನೀವಾ ಅಂತ ಒಬ್ರು, ಗಂಡಸರ ಬಾಣಂತನ ಅಂತ ಇನ್ನೊಬ್ರು, ನಗು. ಸಾಹೇಬ್ರು ಮಾತ್ರ 6 ತಿಂಗಳು ಅಂತ ಇದ್ಯಾ ತೋರ್ಸಿ ಅಂದ್ರು, ಆ ನೋಟ್ ಇದ್ದ ಪ್ರಿಂಟ್ ತೋರಿಸ್ದೆ, ಕನ್ನಡಕ ಮೇಲೆ ಸರಿಸಿ ಎರಡು ಸಲ ಓದಿದ್ರು, ಸಹಿ ಹಾಕಿದ್ರು. ಅವರ ಸರ್ವೀಸಲ್ಲಿ ಈ ರಜೆ ಹೆರಿಗೆ ದಿನ ಬಿಟ್ಟು ಬೇರೆ ಟೈಮಲ್ಲಿ ಕೇಳಿದವನು ನಾನೇ ಮೊದಲಂತೆ.

ಈ ಎರಡನೇ ಸಲದ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ನಾಲ್ಕನೇ ಸ್ಟಾರ್ ಬರೋದಿದ್ರೆ ಇಲ್ಲಿಂದಲೇ ಬರ್ತಿತ್ತು.

ಬೆಳಿಗ್ಗೆ ಆರರಿಂದ ಹತ್ತರ ತನಕ ಕೂಸು ನಂದು ಅಂತ ಒಪ್ಪಂದ ಆಯ್ತು. ರಾತ್ರಿ ಪೂರಾ ಹಾಲು ಕುಡಿಸಿದ ಹೆಂಡ್ತಿ ಆರಕ್ಕೆ ಒಂದು ಸಲ ಕುಡಿಸಿ ನನ್ನ ಕೈಗೆ ಕೊಟ್ಟು ಬಾಗಿಲು ಹಾಕ್ಕೊಂಡು ಮಲಗೋಳು. ತೇಗು ಬರ್ಸೋದು ಒಂದು ವಿದ್ಯೆ ಕಣ್ರೀ. ಭುಜದ ಮೇಲೆ ಹಾಕ್ಕೊಂಡು ಬೆನ್ನು ಸವರಿದ್ರೆ ನನ್ನ ಹತ್ರ ಬರ್ತಿರಲಿಲ್ಲ, ಮುಂಗೈ ಮೇಲೆ ಬೋರಲು ಹಾಕ್ಕೊಂಡು, ತಲೆ ನನ್ನ ಮೊಳಕೈ ಹತ್ರ, ಕಾಲು ಎರಡೂ ಕಡೆ ಇಳಿಬಿಟ್ಟು, ಹಂಗೇ ವರಾಂಡದಲ್ಲಿ ಅಡ್ಡಾಡಿದ್ರೆ ಗೇಟಿನ ಹತ್ರ ಹೋಗೋ ಹೊತ್ತಿಗೆ ಬರೋದು. ಎದುರು ಮನೆ ಅಜ್ಜಿ ಹಾಲಿನ ಪ್ಯಾಕೆಟ್ ತಗೊಳ್ಳೋಕೆ ಬಂದವರು ದಿನಾ ನಿಂತು ನೋಡೋರು, ಕೂಸು ಬೀಳತೈತಿ ಹುಷಾರು ಅನ್ನೋರು, ಒಂದು ವಾರಕ್ಕೆ ಸುಮ್ನಾದ್ರು, ಆಮೇಲೆ ಅವರೇ ಮೊಮ್ಮಗನಿಗೆ ಫೋನ್ ಮಾಡಿ ಹಿಂಗ್ ಹಿಡ್ಕಬೇಕಂತೆ ನೋಡಲೇ ಅಂತ ಹೇಳ್ಕೊಟ್ರಂತೆ.

ಎರೆಯೋದೂ ನಂದೇ. ಎರೆಯೋ ಅಜ್ಜಿ ಬಾಣಂತನ ಮುಗೀತು ಅಂತ ಬರೋದು ನಿಲ್ಸಿದ್ರು. ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂತು ಮುಂಗಾಲ ಮೇಲೆ ಕೂಸನ್ನ ಮಲಗಿಸಿಕೊಂಡು, ಮೊದಲು ಕೊಬ್ಬರಿ ಎಣ್ಣೆ, ತೊಡೆ ಸಂದು ಕತ್ತಿನ ಮಡಿಕೆ ಎಲ್ಲಾ ಬಿಡದೆ, ಆಮೇಲೆ ಉಗುರುಬೆಚ್ಚಗಿನ ನೀರು. ಅಜ್ಜಿ ಹಾಕ್ತಿದ್ದಷ್ಟು ಬಿಸಿ ನಾನು ಹಾಕಲಿಲ್ಲ, ಮೂಗು ಹಿಂಡಿ ನೆಟ್ಟಗೆ ಮಾಡೋದು, ಮೂಗಿಗೆ ಕಿವಿಗೆ ಎಣ್ಣೆ ಬಿಡೋದು ಅದೆಲ್ಲಾ ಬಿಟ್ಟೆ, ಮಕ್ಕಳ ಡಾಕ್ಟ್ರು ಅದು ಬೇಡ ಅಂತ ಖಡಕ್ಕಾಗಿ ಹೇಳಿದ್ರು. ಮೊದಮೊದಲು ಎಣ್ಣೆ ಕೈಲಿ ಜಾರುತ್ತೆ ಅಂತ ನಾನು ಉಸಿರು ಬಿಗಿ ಹಿಡಿದು ಕೂತಿರ್ತಿದ್ದೆ, ನಾನು ಬಿಗಿಯಾದ್ರೆ ಅವನೂ ಬಿಗಿಯಾಗಿ ಕಿರುಚೋನು. ಏನಾದ್ರೂ ಬಾಯಿಗೆ ಬಂದಿದ್ದು ಮಾತಾಡ್ತಾ ಇದ್ರೆ ಸುಮ್ನಿರ್ತಾನೆ ಅಂತ ಆಮೇಲೆ ಗೊತ್ತಾಯ್ತು, ಹಂಗಾಗಿ ನಮ್ಮ ಆಫೀಸಿನ ಪ್ರಮೋಷನ್ ಲಿಸ್ಟ್ ಪೂರಾ ಅವನಿಗೆ ಬಾಯಿಪಾಠ ಆಗಿರ್ಬೇಕು.

ಈ ಮಾತಾಡೋದು ಬರೀ ಸಮಾಧಾನಕ್ಕಲ್ಲ ಅನ್ನೋದು ನನಗೆ ಅಲ್ಲಿ ಕೂತಾಗಲೇ ಕಣ್ಣಿಗೆ ಕಂಡಿದ್ದು. ಮೂರು ತಿಂಗಳ ಕೂಸು "ಆ... ಗೂ..." ಅಂತ ಒಂದು ದನಿ ಬಿಡುತ್ತೆ, ಬಿಟ್ಟು ನಮ್ಮ ಬಾಯಿನೇ ನೋಡುತ್ತೆ. ನಾವು ವಾಪಸ್ "ಹೌದೇನಪ್ಪಾ" ಅಂದ್ರೆ ಕಾಲು ಒದ್ದು ಇನ್ನೊಂದು ದನಿ ಬಿಡುತ್ತೆ. ನಾವು ಬೇರೆ ಕಡೆ ನೋಡಿದ್ರೆ ಸ್ವಲ್ಪ ಹೊತ್ತು ಕಾಯುತ್ತೆ, ಮತ್ತೆ ಕರೆಯುತ್ತೆ, ಆಮೇಲೆ ಮುಖ ಸೊಟ್ಟ. ಹಾರ್ವರ್ಡ್ ಯೂನಿವರ್ಸಿಟಿಲಿ ಮಕ್ಕಳ ಬೆಳವಣಿಗೆ ಮೇಲೆ ಕೆಲಸ ಮಾಡೋ ಒಂದು ಕೇಂದ್ರ ಇದೆ, ಅವರು ಇದನ್ನೇ ಟೆನಿಸ್ ಆಟದ ಸರ್ವ್ ಮತ್ತೆ ರಿಟರ್ನ್ ಥರ ಅಂತಾರೆ, ಮೊದಲ ಕೆಲವು ವರ್ಷದಲ್ಲಿ ಮಿದುಳಲ್ಲಿ ಸೆಕೆಂಡಿಗೆ 10 ಲಕ್ಷಕ್ಕಿಂತ ಹೆಚ್ಚು ಹೊಸ ಕನೆಕ್ಷನ್ ಆಗ್ತಿರುತ್ತೆ, ಅವು ಗಟ್ಟಿ ಆಗೋದು ಇಂಥ ಕೊಡು ತಗೋ ನಡೆದಾಗ ಅಂತ. 3 ವರ್ಷಕ್ಕೆ ಮಿದುಳು ದೊಡ್ಡವರ ಮಿದುಳಿನ ಗಾತ್ರದ ಸುಮಾರು 80% ಆಗಿಬಿಡುತ್ತೆ. ಎಡ್ವರ್ಡ್ ಟ್ರಾನಿಕ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಒಂದು ಪ್ರಯೋಗ ಮಾಡಿದ್ರು, ಕೂಸಿನ ಜೊತೆ ಚೆನ್ನಾಗಿ ಆಡ್ತಿದ್ದ ಅಮ್ಮ ಇದ್ದಕ್ಕಿದ್ದಂಗೆ ಮುಖ ಕಲ್ಲು ಮಾಡ್ಕೊಂಡು ಕೂರ್ಬೇಕು, ಕೂಸು ನಗುತ್ತೆ, ಕೈ ಚಾಚುತ್ತೆ, ಕೂಗುತ್ತೆ, ಏನೂ ಆಗ್ಲಿಲ್ಲ ಅಂದ್ರೆ ಮುಖ ತಿರುಗಿಸಿ ಅಳುತ್ತೆ. ಮೊಬೈಲ್ ಹಿಡ್ಕೊಂಡು ಕೂಸನ್ನ ತೊಡೆ ಮೇಲೆ ಹಾಕ್ಕೊಂಡಿರೋ ಅಪ್ಪಂದಿರು (ನಾನೂ ಸೇರಿ) ದಿನಾ ಆ ಪ್ರಯೋಗನ ಪುಕ್ಕಟೆ ಮಾಡ್ತಿರ್ತೀವಿ.

14ನೇ ವಾರದ ಇಂಜೆಕ್ಷನ್ ಈ ರಜೆಲೇ ಬಂತು. ಪೆಂಟಾವೇಲೆಂಟ್ ಮೂರನೇ ಡೋಸು, ಪೋಲಿಯೋ ಹನಿ, ರೋಟಾ ಹನಿ, ಇನ್ನೆರಡು ಚುಚ್ಚು. ತಾಯಿ ಕಾರ್ಡ್ ಹಿಡ್ಕೊಂಡು ಕೂಸನ್ನ ಎತ್ಕೊಂಡು ನಾನೊಬ್ಬನೇ ಹೋದೆ, ಸಾಲಲ್ಲಿ ಗಂಡಸು ನಾನೊಬ್ಬನೇ, ಅಲ್ಲಿದ್ದ ಸಿಸ್ಟರ್ ತಾಯಿ ಎಲ್ಲಿ ಅಂತ ಕೇಳಿದ್ರು, ಮಲಗಿದಾಳೆ ಅಂದೆ, ಹುಷಾರಿಲ್ವಾ ಅಂದ್ರು, ಇಲ್ಲ ನಿದ್ದೆ ಮಾಡ್ತಿದಾಳೆ ಅಂದೆ, ಅವರಿಗೆ ಅದು ಒಂದು ಕಾರಣ ಅನ್ನಿಸ್ಲೇ ಇಲ್ಲ. ತಾಯಿ ಕಾರ್ಡ್ ಅಂತ ಹೆಸರಿಟ್ಟ ಮೇಲೆ ಅವರಾದ್ರೂ ಏನು ಮಾಡ್ತಾರೆ ಬಿಡಿ. ರಾತ್ರಿ ಜ್ವರ ಬಂತು, ಡಾಕ್ಟ್ರು ತೂಕ ನೋಡಿ ಬರೆದುಕೊಟ್ಟಿದ್ದ ಪ್ಯಾರಾಸಿಟಮಾಲ್ ಹನಿ ಹಾಕಿ ನಾನೇ ಎತ್ಕೊಂಡು ಕೂತೆ, ಮಾರನೇ ದಿನ ಆಫೀಸಿಲ್ಲ ಅನ್ನೋದು ಎಷ್ಟು ದೊಡ್ಡ ಸುಖ ಅಂತ ಗೊತ್ತಾಗೋದು ಅಂಥ ರಾತ್ರಿಲೇ.

ಮಗಳ ವಿಷಯ ಬಿಟ್ಟೆ. ತಮ್ಮ ಬಂದ ಮೇಲೆ ಅವಳು ಮತ್ತೆ ಚಡ್ಡಿ ಒದ್ದೆ ಮಾಡ್ಕೊಳ್ಳೋಕೆ ಶುರು ಮಾಡಿದ್ಲು, ಅಮ್ಮನ ಹತ್ರ ಹೋದ್ರೆ ಸದ್ದು ಮಾಡ್ಬೇಡ, ಅಜ್ಜಿ ಹತ್ರ ಹೋದ್ರೆ ಮುಟ್ಬೇಡ. ಆ 15 ದಿನ ಸ್ಕೂಲಿಗೆ ಬಿಡೋದು ಕರ್ಕೊಂಡು ಬರೋದು ನಂದೇ, ಸಂಜೆ ಒಂದೊಂದು ದಿನ ಕುಂದವಾಡ ಕೆರೆ, ಒಂದು ದಿನ ಗ್ಲಾಸ್ ಹೌಸು, ಮಂಡಕ್ಕಿ ಮಿರ್ಚಿಗೆ ಅಂತೂ ಲೆಕ್ಕ ಇಲ್ಲ. ಒದ್ದೆ ಮಾಡ್ಕೊಳ್ಳೋದು ನಿಂತುಹೋಯ್ತು. ಈ ರಜೆ ಬಗ್ಗೆ ಮಾತಾಡೋರೆಲ್ಲಾ ಹುಟ್ಟಿದ ಕೂಸನ್ನೇ ಹೇಳ್ತಾರೆ, ದೊಡ್ಡ ಮಗುಗೂ ಇದೇ ರಜೆ ಕೆಲಸ ಮಾಡುತ್ತೆ ಅಂತ ಯಾರೂ ಹೇಳಿರಲಿಲ್ಲ.

ಈಗ ಬೇರೆ ಕಂಪನಿ ಪ್ರಾಡಕ್ಟ್ ಜೊತೆ ಹೋಲಿಕೆ, ರಿವ್ಯೂ ಅಂದ ಮೇಲೆ ಅದೂ ಬೇಕಲ್ಲ. ಸ್ವೀಡನ್ 1974ರಲ್ಲೇ ತಾಯಿ ರಜೆ ಅನ್ನೋದನ್ನ ತೆಗೆದು ತಂದೆ ತಾಯಿ ಇಬ್ಬರಿಗೂ ಸೇರಿದ ರಜೆ ಅಂತ ಮಾಡ್ತು, ಈಗ ಒಂದು ಮಗುಗೆ 480 ದಿನ, ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು, ಅವನು ತಗೊಳ್ಳಿಲ್ಲ ಅಂದ್ರೆ ಅಮ್ಮನಿಗೂ ಇಲ್ಲ. ನಾರ್ವೆ 1993ರಲ್ಲಿ 4 ವಾರ ಹಿಂಗೇ ಅಪ್ಪನ ಹೆಸರಿಗೆ ಎತ್ತಿಟ್ಟಿತು. ಅದಕ್ಕೆ ಮುಂಚೆ ನೂರಕ್ಕೆ ಐದು ಜನ ಅಪ್ಪಂದಿರೂ ರಜೆ ತಗೋತಿರಲಿಲ್ಲ, ಕೆಲವೇ ವರ್ಷಕ್ಕೆ ಹೆಚ್ಚಿನವರು ತಗೊಳ್ಳೋ ಥರ ಆಯ್ತು. ಅಲ್ಲೂ ಗಂಡಸರನ್ನ ನೋಡಿ ಆಫೀಸಲ್ಲಿ ನಗ್ತಿದ್ರೇನೋ, ಬಿಟ್ರೆ ಹಾಳಾಗುತ್ತೆ ಅಂತ ಆದಾಗ ನಗು ನಿಂತಿರ್ಬೇಕು. ಸ್ಪೇನಲ್ಲಿ 2021ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಸಮ ಸಮ 16 ವಾರ ಮಾಡಿದ್ರು, 2025ರಲ್ಲಿ ಅದನ್ನ ಇನ್ನೂ ಏರಿಸಿದ್ರು. ಅಮೆರಿಕದಲ್ಲಿ ನೋಡಿದ್ರೆ ದೇಶಕ್ಕೆಲ್ಲಾ ಅನ್ವಯಿಸೋ ಸಂಬಳದ ರಜೆನೇ ಇಲ್ಲ, 1993ರ ಕಾನೂನಲ್ಲಿ 12 ವಾರ ಇದೆ, ಸಂಬಳ ಇಲ್ದೆ. ಅಲ್ಲಿ ಸಾಫ್ಟ್‌ವೇರಲ್ಲಿರೋ ನಮ್ಮ ಪಿ.ಜೆ. ಬಡಾವಣೆ ಹುಡುಗರಿಗೆ ಅವರ ಕಂಪನಿ ರಜೆ ಕೊಟ್ರೆ ಉಂಟು.

ರಜೆ ಕೊಟ್ರೆ ಮಗು ಜಾಣ ಆಗುತ್ತಾ? ಇದಕ್ಕೆ ಹೌದು ಅಂತ ಬೋರ್ಡ್ ಹಾಕೋರು ಬಹಳ, ನಾನು ಹಾಕಲ್ಲ. 2013ರಲ್ಲಿ ಓಇಸಿಡಿ ಅನ್ನೋ ಮುಂದುವರಿದ ದೇಶಗಳ ಸಂಘಟನೆ ಆಸ್ಟ್ರೇಲಿಯಾ, ಡೆನ್ಮಾರ್ಕ್, ಬ್ರಿಟನ್, ಅಮೆರಿಕ ನಾಲ್ಕು ದೇಶದ ಡೇಟಾ ಇಟ್ಕೊಂಡು ನೋಡ್ತು. ಎರಡು ವಾರ ಅಥವಾ ಹೆಚ್ಚು ರಜೆ ತಗೊಂಡ ಅಪ್ಪಂದಿರು ಆಮೇಲೂ ಮಗುನ ಸ್ನಾನ, ಊಟ, ಓದಿಸೋದು ಇದರಲ್ಲೆಲ್ಲಾ ಜಾಸ್ತಿ ಕೈ ಹಾಕ್ತಾರೆ ಅಂತ ಬಂತು, ಮಗುವಿನ ಬುದ್ಧಿಶಕ್ತಿ ಟೆಸ್ಟಿನ ಮಾರ್ಕ್ಸಿಗೂ ಅದಕ್ಕೂ ಗಟ್ಟಿ ನಂಟು ಸಿಗಲಿಲ್ಲ. ಮೊದಲೇ ಆಸಕ್ತಿ ಇರೋ ಅಪ್ಪನೇ ರಜೆ ತಗೋತಾನೆ, ಆಮೇಲೂ ಅವನೇ ಮಾಡ್ತಾನೆ, ಹಂಗಾಗಿ ಯಾವುದರಿಂದ ಯಾವುದು ಅಂತ ಬಿಡಿಸೋದೂ ಕಷ್ಟ. ನಾರ್ವೆಲಿ ಆ 1993ರ ರೂಲ್ ಬಂದಾಗ ಹುಟ್ಟಿದ ಮಕ್ಕಳು 16 ವರ್ಷಕ್ಕೆ ಬಂದಾಗ ಅವರ ಸ್ಕೂಲ್ ಮಾರ್ಕ್ಸ್ ನೋಡಿದಾರೆ, ಅಲ್ಲಿ ಸ್ವಲ್ಪ ಮೇಲುಗೈ ಕಂಡಿದೆ, ಅದರಲ್ಲೂ ಅಮ್ಮನಿಗಿಂತ ಅಪ್ಪ ಜಾಸ್ತಿ ಓದಿರೋ ಮನೆಗಳಲ್ಲಿ. ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಸ್ವೀಡನ್ನಿನ 2012ರ ಬದಲಾವಣೆ, ಮಗು ಒಂದು ವರ್ಷ ತುಂಬೋ ಒಳಗೆ ಅಪ್ಪ ಅಮ್ಮ ಒಟ್ಟಿಗೆ 30 ದಿನದವರೆಗೂ ರಜೆ ತಗೋಬಹುದು, ಬೇಕಾದ ದಿನ ಒಂದೊಂದಾಗಿ. ಅದಾದ ಮೇಲೆ ಹೆರಿಗೆ ಆದ ಮೊದಲ 6 ತಿಂಗಳಲ್ಲಿ ಅಮ್ಮಂದಿರಿಗೆ ಆತಂಕದ ಮಾತ್ರೆ ಬರೆದುಕೊಡೋದು 26% ಇಳೀತು ಅಂತ ಲೆಕ್ಕ ಸಿಕ್ಕಿದೆ. ಅಪ್ಪ ಆ ದಿನಗಳಲ್ಲಿ ಮಾಡಿದ್ದೇನು ದೊಡ್ಡದಲ್ಲ, ಕೆಟ್ಟ ರಾತ್ರಿ ಆದ ಮಾರನೇ ದಿನ ಮನೇಲಿದ್ದ. ಅಮ್ಮ ನಿದ್ದೆ ಮಾಡಿದ್ಲು. ನಮ್ಮ ಕಡೆ ಬಾಣಂತಿಗೆ ಸನ್ನಿ ಅಂತ ಹೆಸರಿಟ್ಟು ಹೆದರೋಕೆ ಗೊತ್ತು, ಅದಕ್ಕೆ ಮುಂಚಿನ ಅಳು, ಸಿಡುಕು, ನಿದ್ದೆಗೇಡು ಯಾವುದಕ್ಕೂ ಹೆಸರಿಲ್ಲ, ಮನೇಲಿ ಇನ್ನೊಂದು ಜೊತೆ ಕೈ ಇದ್ರೆ ಅಷ್ಟರಮಟ್ಟಿಗೆ ಹಗುರ. ಆ ಅಮ್ಮನ ಮುಖ ನೋಡ್ಕೊಂಡೇ ತಾನೆ ಕೂಸು ಇಡೀ ದಿನ ಇರೋದು.

ಅಪ್ಪನ ಮೈಯಲ್ಲೂ ಏನೋ ಆಗುತ್ತಂತೆ. ಫಿಲಿಪ್ಪೀನ್ಸಲ್ಲಿ 600ಕ್ಕಿಂತ ಜಾಸ್ತಿ ಗಂಡಸರನ್ನ ವರ್ಷಗಟ್ಟಲೆ ನೋಡಿ 2011ರಲ್ಲಿ ಹೇಳಿದ್ರು, ಅಪ್ಪ ಆದವರಲ್ಲಿ ಟೆಸ್ಟೋಸ್ಟೆರಾನ್ ಅನ್ನೋ ಗಂಡಸರ ಹಾರ್ಮೋನು ಇಳಿಯುತ್ತೆ, ದಿನಕ್ಕೆ 3 ಗಂಟೆ ಅಥವಾ ಹೆಚ್ಚು ಮಗು ನೋಡ್ಕೊಳ್ಳೋರಲ್ಲಿ ಇನ್ನೂ ಇಳಿಯುತ್ತೆ ಅಂತ. ಇದನ್ನ ಆಫೀಸಲ್ಲಿ ಹೇಳಬೇಡಿ, ಇರೋ ಒಂದಿಬ್ಬರೂ ಅರ್ಜಿ ವಾಪಸ್ ತಗೋತಾರೆ.

ಹಂಗಾದ್ರೆ ಎರಡು ಸ್ಟಾರ್ ಯಾಕೆ ಕಟ್ ಮಾಡಿದೆ. ಒಂದು, 15 ದಿನದಲ್ಲಿ ಎರಡೂ ಕೆಲಸ ಆಗಲ್ಲ. ಹೆರಿಗೆ ಆದ ಕೂಡಲೇ ಹಾಕಿದ್ರೆ ಬಾಣಂತಿಗೆ ಆಸರೆ, ಕೂಸಿಗೂ ಅಪ್ಪನಿಗೂ ನಂಟು ಬೆಳೆಯೋ ಹೊತ್ತಿಗೆ ಖಾಲಿ. ತಡವಾಗಿ ಹಾಕಿದ್ರೆ ಆ ನಂಟು ಸಿಗುತ್ತೆ, ಆಪರೇಷನ್ ಹೊಲಿಗೆ ಇಟ್ಕೊಂಡು ಹೆಂಡ್ತಿ ಒದ್ದಾಡೋ ಟೈಮಿಗೆ ನಮ್ಮ ಸ್ವಂತ ರಜೆ ಕರಗಿಸಬೇಕು. ನನಗೆ ಅರ್ನ್ಡ್ ಲೀವ್ ಇತ್ತು, ಹೊಸದಾಗಿ ಸೇರಿರೋ ಹುಡುಗನಿಗೆ ಎಲ್ಲಿಂದ ಬರಬೇಕು. ಭಾನುವಾರ ಹಬ್ಬದ ರಜೆ ನಡುವೆ ಬಂದ್ರೂ ಈ 15ರಲ್ಲೇ ಸೇರಿಹೋಗುತ್ತೆ ಬೇರೆ. ಮಕ್ಕಳ ಆರೈಕೆ ರಜೆ ಅಂತ 730 ದಿನದ್ದು ಒಂದಿದೆ ಕೇಂದ್ರದಲ್ಲಿ, ಅದು ಹೆಂಗಸರಿಗೆ ಮತ್ತೆ ಒಂಟಿ ಅಪ್ಪಂದಿರಿಗೆ ಮಾತ್ರ, ಹೆಂಡ್ತಿ ಇದ್ರೆ ಮಗು ನೋಡ್ಕೊಳ್ಳೋದು ಅವಳ ಡ್ಯೂಟಿ ಅಂತ ರೂಲೇ ತೀರ್ಮಾನ ಮಾಡಿಬಿಟ್ಟಿದೆ.

ಎರಡನೇ ಸ್ಟಾರ್ ಹೋಗಿದ್ದು ಈ ಪ್ರಾಡಕ್ಟ್ ಅಂಗಡೀಲಿ ಎಲ್ಲರಿಗೂ ಸಿಗಲ್ಲ ಅನ್ನೋದಕ್ಕೆ. 1961ರ ಹೆರಿಗೆ ಸೌಲಭ್ಯ ಕಾಯ್ದೆನ 2017ರಲ್ಲಿ ತಿದ್ದಿ ಅಮ್ಮಂದಿರಿಗೆ 26 ವಾರ ಮಾಡಿದ್ರು, 50 ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಡೆ ಶಿಶುಪಾಲನಾ ಕೇಂದ್ರ ಇರ್ಬೇಕು ಅಂದ್ರು, ಅದರಲ್ಲಿ ಅಪ್ಪ ಅನ್ನೋ ಪ್ರಾಣಿಗೆ ಒಂದು ದಿನಾನೂ ಇಲ್ಲ. ಅದೇ ವರ್ಷ ಲೋಕಸಭೆಲಿ ಒಬ್ಬ ಎಂ.ಪಿ., ರಾಜೀವ್ ಸಾತವ್ ಅಂತ, ಪಿತೃತ್ವ ಸೌಲಭ್ಯಕ್ಕೆ ಖಾಸಗಿ ಮಸೂದೆ ತಂದಿದ್ರು, ಪಾಸಾಗಲಿಲ್ಲ. ನನ್ನ ಸ್ನೇಹಿತ ಒಬ್ಬ ಮಂಡಿಪೇಟೆಲಿ ಅಂಗಡಿ ಲೆಕ್ಕ ಬರೀತಾನೆ, ಕೂಸು ಹುಟ್ಟಿದ ಮೂರನೇ ದಿನ ಅಂಗಡಿಗೆ ಹೋದ, ಮಾಲೀಕರು ಒಳ್ಳೆಯವರೇ, ಸಿಹಿ ತರಿಸಿ ಎಲ್ಲರಿಗೂ ಹಂಚಿದ್ರು, ರಜೆ ಅನ್ನೋ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಆಟೋ ಓಡಿಸೋನಿಗೆ, ದೋಸೆ ಕಾವಲಿ ಮುಂದೆ ನಿಂತಿರೋನಿಗೆ ಒಂದು ದಿನ ಮನೇಲಿದ್ರೆ ಆ ದಿನದ ದುಡಿಮೆ ಹೋಯ್ತು. ಅವರ ಮನೆ ಕೂಸಿಗೂ ಕಣ್ಣು ಕಾಣೋದು ಅದೇ 30 ಸೆಂಟಿಮೀಟರೇ ಅಲ್ವಾ. ಯುನಿಸೆಫ್ 2018ರಲ್ಲಿ ಲೆಕ್ಕ ಹಾಕಿತ್ತು, ಲೋಕದ ಒಂದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು, ಹತ್ರ ಹತ್ರ 9 ಕೋಟಿ, ಅಪ್ಪನಿಗೆ ಸಂಬಳದ ರಜೆಯ ಹಕ್ಕೇ ಇಲ್ಲದ ದೇಶಗಳಲ್ಲಿವೆ ಅಂತ, ಆ ದೇಶಗಳ ಪಟ್ಟೀಲಿ ನಮ್ದೂ ಇತ್ತು.

ತಗೊಳ್ಳೋರಿಗೆ ಒಂದಿಷ್ಟು. ಬಾಣಂತನ ತವರಲ್ಲಿ ಅಂತ ಆದ್ರೆ, ಆಸ್ಪತ್ರೆಗೆ ಬೇರೆ ರಜೆ ಹೊಂದಿಸಿ, ಇದನ್ನ ತಾಯಿ ಮಗು ನಿಮ್ಮ ಮನೆಗೆ ಬಂದ ವಾರಕ್ಕೆ ಇಟ್ಕೊಳ್ಳಿ. ಆ ವಾರನೇ ಎಲ್ಲಕ್ಕಿಂತ ಕಷ್ಟದ್ದು, ಅಜ್ಜಿ ಇಲ್ಲ, ಎರೆಯೋರಿಲ್ಲ, ಜಾಗ ಹೊಸದು, ಕೂಸು ರಾತ್ರಿ ಪೂರಾ ಎಚ್ಚರ. ತವರಲ್ಲಿ 5 ತಿಂಗಳು ಇರಿಸಿಕೊಳ್ಳೋ ಮನೆತನ ಆದ್ರೆ ಕ್ಯಾಲೆಂಡರ್ ಮುಂದೆ ಇಟ್ಕೊಂಡೇ ಮಾತಾಡಿ, 6 ತಿಂಗಳು ಎಣಿಸೋದು ಹೆರಿಗೆ ದಿನದಿಂದ, ತೊಟ್ಟಿಲು ಶಾಸ್ತ್ರದಿಂದ ಅಲ್ಲ, ಮನೆಗೆ ಕರ್ಕೊಂಡು ಬಂದ ದಿನದಿಂದಲೂ ಅಲ್ಲ. ಮುಂದಕ್ಕೆ ಅರ್ನ್ಡ್ ಲೀವ್ ಸೇರಿಸಿ ಉದ್ದ ಮಾಡ್ಕೋಬಹುದು, ಸಿ.ಎಲ್. (ಸಾಂದರ್ಭಿಕ ರಜೆ) ಸೇರಿಸೋಕೆ ಬರಲ್ಲ. ಹೆರಿಗೆ ಆಸ್ಪತ್ರೆ ಡಿಸ್ಚಾರ್ಜ್ ಕಾರ್ಡು ಅಥವಾ ಜನನ ಪ್ರಮಾಣಪತ್ರದ ಜೆರಾಕ್ಸ್ ಅರ್ಜಿಗೆ ಲಗತ್ತಿಸಿ, ನನ್ನ ಎರಡನೇ ಅರ್ಜಿ ಅದಿಲ್ಲ ಅಂತ ಒಂದು ಸಲ ವಾಪಸ್ ಬಂದಿತ್ತು. ಜನನ ಪ್ರಮಾಣಪತ್ರಕ್ಕೆ ಹೆಸರಿಡೋವರೆಗೂ ಕಾಯೋದು ಬೇಡ, ಹೆಸರಿಲ್ದೆನೂ ಕೊಡ್ತಾರೆ, ಹೆಸರು ಆಮೇಲೆ ಸೇರಿಸಬಹುದು.